28 ವರ್ಷದ ಸಿಂಗಲ್ ಮಾಲ್ಟ್ ಯಾಕೆ ಸಪ್ಪೆಯಾಯಿತು?

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಬಂದಿದ್ದೇನೆ. ವಾರಕ್ಕೆರಡು ಸಂಜೆ ಒಂದೊಂದು ಪೆಗ್, ಅಷ್ಟೇ ಅಭ್ಯಾಸ. ಅದೂ ಸಾಮಾನ್ಯವಾಗಿ 12 ವರ್ಷದ ಒಂದು ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ. ನನ್ನ ಅರವತ್ತಕ್ಕೆ ಅಬರ್ಡೀನ್‌ನಲ್ಲಿರುವ ಅಳಿಯಂದಿರು 28 ವರ್ಷದ ಸ್ಕಾಚ್ ಸಿಂಗಲ್ ಮಾಲ್ಟ್ ತಂದುಕೊಟ್ಟರು. ಬೆಲೆ 420 ಪೌಂಡ್ ಅಂತ ಮಗಳ ಬಾಯಿಂದ ಗೊತ್ತಾಯಿತು. ಲೇಬಲ್ಲಿನಲ್ಲಿ ಹೀಗಿದೆ: 1993ರ ಅಕ್ಟೋಬರಿನಲ್ಲಿ ಭಟ್ಟಿ, 2022ರ ಮಾರ್ಚಿನಲ್ಲಿ ಬಾಟಲಿ, ರೀಫಿಲ್ ಹಾಗ್ಸ್‌ಹೆಡ್, 198 ಬಾಟಲಿ, 42.1%. ಮನೆ ತುಂಬ ನೆಂಟರಿದ್ದ ದಿನ ಕಡುಬು, ಕೋಳಿ ಸಾರಿನ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಬಿಚ್ಚಿದೆವು. ಬಣ್ಣ ಒಣಹುಲ್ಲಿನಷ್ಟು ತೆಳು. ಐಸ್ ಹಾಕಿದರೆ ಮಂಜು ಕವಿದ ಹಾಗಾಯಿತು. ಮೂಸಿದರೆ ಮಳೆಗಾಲದಲ್ಲಿ ಬಟ್ಟೆಯ ಬೀರು ತೆಗೆದ ಹಾಗೆ, ಕುಡಿದರೆ ಸಪ್ಪೆ, ಕೊನೆಗೆ ಬಾಯೆಲ್ಲ ಚೊಗರು. ನನ್ನ 12 ವರ್ಷದ್ದೇ ವಾಸಿ ಅನ್ನಿಸಿತು. ಬೆಲೆಯೇ 420, ನಾವು ಮೋಸ ಹೋದೆವೇ? ಅಥವಾ ದೊಡ್ಡವರ ಸರಕು ನನ್ನ ನಾಲಿಗೆಗೆ ಹಿಡಿಸಲಿಲ್ಲವೇ? ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಏನು ಮಾಡಲಿ? ಅಳಿಯಂದಿರು ಫೋನ್ ಮಾಡಿದಾಗೆಲ್ಲ ಹೇಗಿದೆ ಅಂತ ಕೇಳುತ್ತಾರೆ.

ಉತ್ತರ: ನಿಮ್ಮ ನಾಲಿಗೆ ಸರಿಯಾಗಿದೆ. ಬಾಟಲಿಯೂ ಅಸಲಿ ಅಂತಲೇ ನನ್ನ ಅಂದಾಜು. ಲೇಬಲ್ಲಿನ ಅಂಕಿಗಳನ್ನೆಲ್ಲ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಬ್ಯಾಂಕಿನವರು ಅಂತ ಅಲ್ಲೇ ಗೊತ್ತಾಗುತ್ತದೆ. ಏನಾಗಿದೆ ಅನ್ನುವುದು ಮುಕ್ಕಾಲು ಪಾಲು ಆ ಅಂಕಿಗಳಲ್ಲೇ ಇದೆ.

ಮೊದಲು ಮೋಸದ ಮಾತು ಮುಗಿಸಿಬಿಡೋಣ. ಹಳೆಯ ಸ್ಕಾಚಿನಲ್ಲಿ ನಕಲಿ ಇಲ್ಲ ಅಂತಲ್ಲ, ಬೇಕಾದಷ್ಟಿದೆ. 2018ರಲ್ಲಿ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳ ಒಂದು ಸಂಶೋಧನಾ ಕೇಂದ್ರ 55 ಅಪರೂಪದ ಬಾಟಲಿಗಳನ್ನು ಕಾರ್ಬನ್ ಡೇಟಿಂಗ್‌ಗೆ ಹಾಕಿತು. 21 ಬಾಟಲಿಗಳು ಪೂರ್ತಿ ನಕಲಿ, ಇಲ್ಲವೇ ಲೇಬಲ್ಲಿನಲ್ಲಿದ್ದ ವರ್ಷದಲ್ಲಿ ಭಟ್ಟಿಯಾದವಲ್ಲ. ಅದಕ್ಕೂ ಒಂದು ವರ್ಷ ಮೊದಲು, ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ 1878ರ ಮಕಾಲನ್ ವಿಸ್ಕಿ ಅಂತ ನಂಬಿ ಗಿರಾಕಿಯೊಬ್ಬರು ಒಂದೇ ಒಂದು ಪೆಗ್ಗಿಗೆ 9,999 ಫ್ರಾಂಕ್ ಕೊಟ್ಟಿದ್ದರು. ಪರೀಕ್ಷೆ ಮಾಡಿಸಿದರೆ ಅದು 1970ರ ದಶಕದ ಆರಂಭದ ಬ್ಲೆಂಡ್, ಅಂದರೆ ಬೇರೆ ಬೇರೆ ವಿಸ್ಕಿ ಬೆರೆಸಿದ್ದು, ಆಗಿತ್ತು. ಹೋಟೆಲಿನವರೇ ಹಣ ಹಿಂತಿರುಗಿಸಿದರು. ಆದರೆ ನಕಲಿ ಮಾಡುವವನು ದೊಡ್ಡ ಹೆಸರನ್ನೇ ನಕಲು ಮಾಡುತ್ತಾನೆ. ಬರೀ 198 ಬಾಟಲಿಯ, ಹೆಚ್ಚು ಜನ ಕೇಳೇ ಇರದ ಒಂದು ಡಿಸ್ಟಿಲರಿಯ ಸರಕನ್ನು, ಅದೂ 42.1% ಅನ್ನುವ ಬೆಸ ಅಂಕಿ ಸಮೇತ, ಯಾರು ಕೂತು ನಕಲು ಮಾಡುತ್ತಾರೆ?

ನಿಮಗೆ ಅನುಮಾನ ಹುಟ್ಟಿಸಿದ ಎರಡು ಲಕ್ಷಣಗಳು ನನಗೆ ನಂಬಿಕೆ ಹುಟ್ಟಿಸುತ್ತವೆ. ಐಸ್ ಹಾಕಿದಾಗ ಕವಿದ ಮಂಜು ಕಲಬೆರಕೆಯದಲ್ಲ. ವಿಸ್ಕಿಯಲ್ಲಿ ಸಹಜವಾಗಿಯೇ ಇರುವ ಕೊಬ್ಬಿನಾಮ್ಲಗಳ ಎಸ್ಟರುಗಳು ತಣ್ಣಗಾದಾಗ, ಇಲ್ಲವೇ ನೀರು ಬಿದ್ದಾಗ, ಕರಗಿ ಇರಲಾರದೆ ಹೀಗೆ ಕಾಣಿಸಿಕೊಳ್ಳುತ್ತವೆ. ಗಿರಾಕಿಗಳು ಗಾಬರಿಯಾಗುತ್ತಾರೆ ಅಂತ ಬಹುತೇಕ ಕಂಪನಿಗಳು ವಿಸ್ಕಿಯನ್ನು ಸೊನ್ನೆ ಡಿಗ್ರಿಯ ಆಸುಪಾಸಿಗೆ ತಣಿಸಿ ಸೋಸಿ ಅವನ್ನು ತೆಗೆದುಬಿಡುತ್ತಾರೆ. ನಿಮ್ಮದನ್ನು ಹಾಗೆ ಸೋಸಿಲ್ಲ. ಇನ್ನು ಬಣ್ಣ. ಸ್ಕಾಚಿಗೆ ಬಣ್ಣದ ಸಲುವಾಗಿ ಕ್ಯಾರಮೆಲ್ ಹಾಕಲು ಕಾನೂನಿನ ಒಪ್ಪಿಗೆ ಇದೆ. ನಿಮ್ಮ 12 ವರ್ಷದ್ದು 28 ವರ್ಷದ್ದಕ್ಕಿಂತ ಕಪ್ಪಗೆ ಕಂಡರೆ ಅದು ಆ ಕ್ಯಾರಮೆಲ್ಲಿನ ಮಹಿಮೆಯೂ ಇರಬಹುದು. ತೆಳು ಬಣ್ಣ ಹೇಳುವುದು ಇಷ್ಟು: ವಿಸ್ಕಿ 28 ವರ್ಷ ಕೂತಿದ್ದ ಈ ಮರದ ಪೀಪಾಯಿಯಲ್ಲಿ ಕೊಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಹಾಗ್ಸ್‌ಹೆಡ್ ಪೀಪಾಯಿಗೆ ಸುಮಾರು 250 ಲೀಟರ್ ಹಿಡಿಯುತ್ತದೆ. ಹೊಸ ಸ್ಪಿರಿಟ್ಟನ್ನು ಸಾಮಾನ್ಯವಾಗಿ 63.5% ಕಸುವಿಗೆ ಇಳಿಸಿ ತುಂಬುತ್ತಾರೆ. ಅಂದರೆ 1993ರಲ್ಲಿ ಒಳಗೆ ಹೋದ ಶುದ್ಧ ಆಲ್ಕೋಹಾಲ್ ಹತ್ತಿರ ಹತ್ತಿರ 158 ಲೀಟರ್. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2% ಹಬೆಯಾಗಿ ಮರದಿಂದ ಹೊರಗೆ ಹೋಗುತ್ತದೆ. ಅಲ್ಲಿಯವರು ಅದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ನಾವಾದರೆ ನೈವೇದ್ಯ ಅನ್ನುತ್ತಿದ್ದೆವೋ ಏನೋ. ಆ ದರದಲ್ಲಿ 28 ವರ್ಷ ಕಳೆದ ಮೇಲೆ 90 ಲೀಟರ್ ಉಳಿಯಬೇಕಿತ್ತು. ನಿಮ್ಮ ಲೇಬಲ್ ಏನು ಹೇಳುತ್ತದೆ? 198 ಬಾಟಲಿ, ಒಂದೊಂದೂ 700 ಎಂಎಲ್, ಒಟ್ಟು 138 ಲೀಟರ್ ಚಿಲ್ಲರೆ. ಅದರಲ್ಲಿ 42.1% ಅಂದರೆ 58 ಲೀಟರ್ ಆಲ್ಕೋಹಾಲ್. ಪೀಪಾಯಿಯನ್ನು ಪೂರ್ತಿ ತುಂಬಿದ್ದರು, ಉಳಿದದ್ದಷ್ಟನ್ನೂ ಇದೇ ಬಾಟಲಿಗಳಿಗೆ ಇಳಿಸಿದರು ಅಂತ ಇಟ್ಟುಕೊಂಡರೆ, 100 ಲೀಟರ್ ಗಾಳಿಪಾಲಾಗಿದೆ. ವಾಡಿಕೆಯ ಲೆಕ್ಕಕ್ಕಿಂತ 30 ಲೀಟರಿಗೂ ಹೆಚ್ಚು.

ಹಾಗಾದರೆ ಈ ಪೀಪಾಯಿ ಎಲ್ಲೋ ಸ್ವಲ್ಪ ಜಿನುಗುತ್ತಿತ್ತು, ಅಥವಾ ಅದರ ಹಲಗೆಗಳು ಸಡಿಲವಾಗಿದ್ದವು. ಸ್ಕಾಟ್ಲೆಂಡಿನ ಹಳೆಯ ಗೋದಾಮುಗಳನ್ನು ನೋಡಿದರೆ ನಿಮ್ಮ ಅಡಿಕೆ ಉಗ್ರಾಣ ನೆನಪಾಗುತ್ತದೆ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ನೆಲ, ತಗ್ಗು ಸೂರು, ಮೂರು ಸಾಲು ಪೀಪಾಯಿ ಒಂದರ ಮೇಲೊಂದು. ಹೊರಗೋಡೆ, ಪಕ್ಕದ ಮರದ ಕಾಂಡ ಎಲ್ಲ ಮಸಿ ಬಳಿದ ಹಾಗೆ ಕಪ್ಪು, ಆಲ್ಕೋಹಾಲಿನ ಹಬೆ ತಿಂದು ಬೆಳೆಯುವ ಒಂದು ಬೂಷ್ಟಿನ ಕೆಲಸ ಅದು. ಒಳಗೆ ಸದಾ ತೇವ. ಗಾಳಿಯಲ್ಲೇ ನೀರು ತುಂಬಿರುವಾಗ ಪೀಪಾಯಿಯ ನೀರು ಹೊರಗೆ ಹೋಗಲು ಅವಸರಪಡುವುದಿಲ್ಲ, ಆಲ್ಕೋಹಾಲ್ ಮಾತ್ರ ಹೋಗುತ್ತಿರುತ್ತದೆ. ಹಾಗಾಗಿ ವರ್ಷ ಕಳೆದಂತೆ ಕಸುವು ಇಳಿಯುತ್ತದೆ. ಅಮೆರಿಕದ ಕೆಂಟಕಿಯ ಬಿಸಿಯಾದ, ಒಣ ಗೋದಾಮುಗಳಲ್ಲಿ ಇದೇ ಉಲ್ಟಾ, ಅಲ್ಲಿ ನೀರು ಮುಂಚೆ ಹೋಗಿ ಕಸುವು ಏರುವುದೂ ಉಂಟು.

ಇಲ್ಲಿ ಇನ್ನೊಂದು ಅಂಕಿ ಮುಖ್ಯ: 40. ಅದಕ್ಕಿಂತ ಕಡಿಮೆ ಕಸುವಿದ್ದರೆ ಅದನ್ನು ಸ್ಕಾಚ್ ವಿಸ್ಕಿ ಅಂತ ಮಾರುವ ಹಾಗಿಲ್ಲ. ಗೋದಾಮಿನವರು ಆಗಾಗ ಪೀಪಾಯಿಗಳ ಅಳತೆ ತೆಗೆಯುತ್ತಾರೆ. ಒಂದು ಪೀಪಾಯಿ 42ರ ಹತ್ತಿರ ಬಂದಿದೆ ಅಂದರೆ ಮಾಲೀಕನಿಗೆ ಎದೆ ಡವಡವ. ಇನ್ನು ಮೂರು ನಾಲ್ಕು ವರ್ಷ ಬಿಟ್ಟರೆ 28 ವರ್ಷದ ಬಂಡವಾಳಕ್ಕೆ ಆ ಹೆಸರೇ ಇರುವುದಿಲ್ಲ. ಆದ್ದರಿಂದ ನಿಮ್ಮ ಬಾಟಲಿಯ ಮೇಲಿನ 42.1 ನೋಡಿದಾಗ ನನಗೆ ತೋರುವುದು, ಇದನ್ನು ಹದ ಬಂತು ಅಂತ ತೆಗೆದದ್ದಲ್ಲ, ಕೈತಪ್ಪಿ ಹೋಗುತ್ತದೆ ಅಂತ ತೆಗೆದದ್ದು. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತನ್ನು ಪಾಕ ನೋಡಿ ಹೇಳುವವನೊಬ್ಬ ಇರುತ್ತಾನಲ್ಲ, ಸೌದೆ ಮುಗಿಯಿತು ಅಂತ ಇಳಿಸಿದ ಬೆಲ್ಲವನ್ನು ಅವನು ಮುಟ್ಟಿಯೂ ನೋಡುವುದಿಲ್ಲ.

ವರ್ಷ ಹೆಚ್ಚಾದಷ್ಟೂ ರುಚಿ ಹೆಚ್ಚು ಅನ್ನುವ ನಂಬಿಕೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಳೇ ಅಕ್ಕಿ, ಹಳೇ ಹುಣಸೆಹಣ್ಣು, ಹಳೇ ಜೇನುತುಪ್ಪ ಅಂದರೆ ನಮಗೇ ಒಂದು ಗೌರವ. ಆದರೆ ಲೇಬಲ್ಲಿನ ಮೇಲಿನ ವಯಸ್ಸು ಕಾನೂನಿನ ಪ್ರಕಾರ ಹೇಳುವುದು ಒಂದೇ ವಿಷಯ: ಒಳಗಿರುವ ಅತಿ ಎಳೆಯ ವಿಸ್ಕಿ ಕೂಡ ಸ್ಕಾಟ್ಲೆಂಡಿನಲ್ಲಿ ಓಕ್ ಮರದ ಪೀಪಾಯಿಯೊಳಗೆ ಅಷ್ಟು ವರ್ಷ ಇತ್ತು. ಆ ಪೀಪಾಯಿ 700 ಲೀಟರ್ ಮೀರಬಾರದು, ಕನಿಷ್ಠ ಮೂರು ವರ್ಷವಾದರೂ ಇರಬೇಕು ಅನ್ನುತ್ತದೆ ಕಾನೂನು. ಪೀಪಾಯಿ ಹೊಸತೋ ಹಳತೋ, ಸತ್ವ ಇತ್ತೋ ಇಲ್ಲವೋ, ಅದನ್ನು ಕೇಳುವುದಿಲ್ಲ.

ಓಕ್ ಪೀಪಾಯಿ ಮೂರು ಕೆಲಸ ಮಾಡಬೇಕು. ಮರದ ಲಿಗ್ನಿನ್‌ನಿಂದ ವೆನಿಲಾ, ಹೆಮಿಸೆಲ್ಯುಲೋಸಿನಿಂದ ಕಾಯಿಸಿದ ಸಕ್ಕರೆಯಂಥ ಸಿಹಿ, ಓಕಿನದೇ ಲ್ಯಾಕ್ಟೋನುಗಳಿಂದ ಕೊಬ್ಬರಿಯ ಪರಿಮಳ, ಟ್ಯಾನಿನ್‌ನಿಂದ ಒಗರು, ಇವನ್ನು ಕೊಡಬೇಕು. ಒಳಮೈಯ ಸುಟ್ಟ ಇದ್ದಿಲ ಪದರ ಹೊಸ ಸ್ಪಿರಿಟ್ಟಿನ ಗಂಧಕದ ವಾಸನೆಯನ್ನು ಹೀರಬೇಕು. ಮೂರನೆಯದಾಗಿ, ಗಾಳಿಯನ್ನು ಸಣ್ಣಗೆ ಒಳಬಿಟ್ಟು ಎಲ್ಲವನ್ನೂ ಹೊಂದಿಸಬೇಕು. ಅಮೆರಿಕದಲ್ಲಿ ಬೂರ್ಬನ್ ಮಾಡುವವರು ಕಾನೂನಿನಂತೆ ಪ್ರತಿ ಸಲವೂ ಹೊಸ ಪೀಪಾಯಿಯನ್ನೇ ಬಳಸಬೇಕಾದ್ದರಿಂದ, ಅವರು ಒಮ್ಮೆ ಬಳಸಿ ಬಿಟ್ಟದ್ದು ಸ್ಕಾಟ್ಲೆಂಡಿಗೆ ಬರುತ್ತದೆ. ಅದಕ್ಕೆ ಮೊದಲ ಸಲ ಸ್ಕಾಚ್ ತುಂಬಿದರೆ ಫಸ್ಟ್ ಫಿಲ್. ಆಮೇಲೆ ತುಂಬಿದ್ದೆಲ್ಲ ರೀಫಿಲ್, ಎರಡನೆಯ ಸಲವೋ ನಾಲ್ಕನೆಯ ಸಲವೋ, ಲೇಬಲ್ಲಿನಲ್ಲಿ ಹೆಸರು ಒಂದೇ. ಕಾಫಿ ಫಿಲ್ಟರಿನಲ್ಲಿ ಅದೇ ಪುಡಿಗೆ ಮೂರನೇ ಸಲ ಬಿಸಿನೀರು ಹುಯ್ದರೆ ಇಳಿಯುವುದಕ್ಕೂ ಡಿಕಾಕ್ಷನ್ ಅಂತಲೇ ಅನ್ನಬೇಕಲ್ಲ, ಹಾಗೆ. ಇಂಥ ಪೀಪಾಯಿಯಲ್ಲಿ ಮೊದಲ ಎರಡು ಕೆಲಸ ನಿಂತುಹೋಗಿ ಮೂರನೆಯದು ಮಾತ್ರ ನಡೆಯುತ್ತಿರುತ್ತದೆ. ನಿಮ್ಮ ವಿಸ್ಕಿ 28 ವರ್ಷ ಉಸಿರಾಡಿದೆ. ಅದಕ್ಕೆ ಊಟ ಮಾತ್ರ ಸಿಕ್ಕಿಲ್ಲ.

1993 ಅನ್ನುವ ಇಸವಿಗೂ ಇದರಲ್ಲಿ ಪಾಲಿದೆ. 1980ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನಲ್ಲಿ ಬೇಡಿಕೆಗಿಂತ ಎಷ್ಟೋ ಹೆಚ್ಚು ವಿಸ್ಕಿ ಕೂಡಿಬಿದ್ದು, ಅದಕ್ಕೆ ವಿಸ್ಕಿಯ ಸರೋವರ ಅಂತಲೇ ಹೆಸರು ಬಂದಿತ್ತು. 1983ರಲ್ಲಿ ಪೋರ್ಟ್ ಎಲೆನ್, ಬ್ರೋರಾದಂಥ ಡಿಸ್ಟಿಲರಿಗಳು ಮುಚ್ಚಿದವು. 1993ರಲ್ಲೇ ರೋಸ್‌ಬ್ಯಾಂಕ್ ಬಾಗಿಲು ಹಾಕಿತು. ಸಿಂಗಲ್ ಮಾಲ್ಟ್ ಅನ್ನುವುದು ಆಗಿನ್ನೂ ಸಣ್ಣ ವ್ಯಾಪಾರ, ಮಾಡಿದ್ದರಲ್ಲಿ ಬಹುಪಾಲು ಹೋಗುತ್ತಿದ್ದದ್ದು ಬ್ಲೆಂಡುಗಳಿಗೆ. ಬ್ಲೆಂಡಿಗೆ ಹೋಗುವ ಸ್ಪಿರಿಟ್ಟಿಗೆ ದುಬಾರಿ ಪೀಪಾಯಿ ಯಾರು ಹಾಕುತ್ತಾರೆ? ಕೈಗೆ ಸಿಕ್ಕ ರೀಫಿಲ್‌ಗೆ ತುಂಬಿ ಗೋದಾಮಿಗೆ ಉರುಳಿಸಿದರು. ಇದನ್ನು ಮುಂದೊಂದು ದಿನ ಯಾರೋ ಒಂಟಿಯಾಗಿ ಬಾಟಲಿಗೆ ಇಳಿಸಿ 420 ಪೌಂಡಿಗೆ ಮಾರುತ್ತಾರೆ ಅಂತ ಆ ಅಕ್ಟೋಬರಿನಲ್ಲಿ ತುಂಬಿದವನು ಕನಸಿನಲ್ಲೂ ನೆನೆದಿರಲಾರ.

ಎಡಿನ್‌ಬರದಲ್ಲಿ ಓದುತ್ತಿದ್ದ ವರ್ಷ ಸ್ಪೇಸೈಡಿನ ಒಂದು ಗೋದಾಮಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಫೆಬ್ರವರಿ, ಕೈಬೆರಳು ಮಡಚಲಾಗದ ಚಳಿ. ಅಲ್ಲಿನ ಹಿರಿಯ ಕೆಲಸಗಾರ ಪೀಪಾಯಿಯ ಬಿರಡೆಯನ್ನು ಕಿತ್ತ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿರಡೆಯನ್ನು ಮುಟ್ಟಲೇ ಇಲ್ಲ. ಅದರ ಎಡಕ್ಕೊಂದು ಬಲಕ್ಕೊಂದು ಹಲಗೆಯ ಮೇಲೆ ಮರದ ಕೊಡತಿಯಿಂದ ಬಡಿದ, ಬಿರಡೆ ತಾನಾಗಿಯೇ ಜಿಗಿದು ಅಂಗೈಗೆ ಬಂತು. ಉದ್ದನೆಯ ತಾಮ್ರದ ಕೊಳವೆ ಇಳಿಸಿ, ಮೇಲಿನ ತೂತಿಗೆ ಹೆಬ್ಬೆರಳು ಒತ್ತಿ, ಎತ್ತಿ ನಮ್ಮ ಲೋಟಗಳಿಗೆ ಬಿಟ್ಟ. ಹಲಸಿನ ತೊಳೆ, ಜೇನುಮೇಣ, ಹಳೆಯ ತೊಗಲು. ನಾವೆಲ್ಲ ಮಾತಿಲ್ಲದೆ ನಿಂತೆವು. ಆಮೇಲೆ ಪಕ್ಕದ ಪೀಪಾಯಿ. ಒಂದೇ ಡಿಸ್ಟಿಲರಿ, ಒಂದೇ ವಾರ ತುಂಬಿದ್ದು, 20 ವರ್ಷಕ್ಕೂ ಮಿಕ್ಕಿ ಮೈಗೆ ಮೈ ತಾಗಿಸಿಕೊಂಡು ಮಲಗಿದ್ದು. ಅದರಲ್ಲಿ ತೊಯ್ದ ಹಲಗೆ, ಬಿಳಿ ಕಾಗದ, ಕೊನೆಗೊಂದಿಷ್ಟು ಕಹಿ. ನಾನು ಏನೋ ಜಾಣತನದ ವರ್ಣನೆ ಶುರುಮಾಡಿದೆ. ಆತ ಲೋಟದಲ್ಲಿ ಉಳಿದದ್ದನ್ನು ಮಣ್ಣಿನ ನೆಲಕ್ಕೆ ಚೆಲ್ಲಿ, ಬಿರಡೆ ಬಡಿಯುತ್ತ, ಇದು ಬ್ಲೆಂಡಿಗೆ ಅಂದ, ಅಷ್ಟೇ.

ಆ ಒಂದು ಮಾತಿನಲ್ಲಿ ಹಳೆಯ ಪದ್ಧತಿಯ ಪೂರ್ತಿ ವಿವೇಕ ಇತ್ತು. ಸೊರಗಿದ ಹಳೆಯ ಪೀಪಾಯಿ ಕೆಟ್ಟದ್ದೇನಲ್ಲ. ಅದರಲ್ಲಿ ಒಂದು ಆಳ, ಒಂದು ಮೇಣದಂಥ ನುಣುಪು ಇರುತ್ತದೆ, ಮೈ ಮಾತ್ರ ಇರುವುದಿಲ್ಲ. ಮೈಯಿರುವ ಎಳೆಯ ವಿಸ್ಕಿಗೆ ಅದನ್ನು ಸ್ವಲ್ಪ ಸೇರಿಸಿದರೆ ಎರಡಕ್ಕೂ ಒಳ್ಳೆಯದು. ಇಂಗನ್ನು ಯಾರೂ ಬಟ್ಟಲಲ್ಲಿ ಹಾಕಿ ತಿನ್ನುವುದಿಲ್ಲ, ಒಗ್ಗರಣೆಗೆ ಹಾಕುತ್ತಾರೆ. ಈಗ ವಯಸ್ಸಿನ ಅಂಕಿಗೇ ಬೆಲೆ ಬಂದಿದೆ. ಪೀಪಾಯಿಗಳನ್ನು ಕೊಂಡು ತಮ್ಮ ಲೇಬಲ್ ಹಚ್ಚಿ ಮಾರುವ ಸ್ವತಂತ್ರ ಬಾಟಲಿಂಗ್ ಕಂಪನಿಗಳು ಬೇಕಾದಷ್ಟಿವೆ, ಅವರಲ್ಲಿ ಪ್ರಾಮಾಣಿಕರೇ ಹೆಚ್ಚು, ಎಷ್ಟೋ ಅದ್ಭುತ ವಿಸ್ಕಿ ನಮಗೆ ಸಿಕ್ಕಿದ್ದು ಅವರಿಂದಲೇ. ಆದರೂ 28 ಅಂತ ಬರೆಯಬಹುದಾದ ಪೀಪಾಯಿಯನ್ನು ಹೆಸರಿಲ್ಲದೆ ಬ್ಲೆಂಡಿಗೆ ಕಳಿಸುವಷ್ಟು ವೈರಾಗ್ಯ ಯಾವ ವ್ಯಾಪಾರಿಗೂ ಇರುವುದಿಲ್ಲ. ನಿಮ್ಮ ಅಳಿಯಂದಿರು ಕೊಟ್ಟ 420ರಲ್ಲಿ ದೊಡ್ಡ ಪಾಲು ಆ ಎರಡಂಕಿಗೆ ಸಂದಿದೆ.

ರೀಫಿಲ್ ಹಾಗ್ಸ್‌ಹೆಡ್ ಅಂದರೆ ಬೇಡವೇ ಬೇಡ ಅಂತ ಮಾತ್ರ ತೀರ್ಮಾನಿಸಬೇಡಿ. ನಾನು ಕುಡಿದ ಅತ್ಯುತ್ತಮ ಹಳೆಯ ಮಾಲ್ಟುಗಳಲ್ಲಿ ಕೆಲವು ರೀಫಿಲ್‌ನವೇ. ಸ್ಪಿರಿಟ್ ಗಟ್ಟಿಯಾಗಿದ್ದು, ಪೀಪಾಯಿ ಬಿಗಿಯಾಗಿದ್ದರೆ, ಮರದ ಗಲಾಟೆ ಇಲ್ಲದೆ ಹಣ್ಣಿನ ಪರಿಮಳ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. 1960ರ ದಶಕದಲ್ಲಿ ಭಟ್ಟಿಯಾದ ಬೋಮೋರ್ ವಿಸ್ಕಿಗಳು ಮಾವು, ಪೇರಲೆ, ಅನಾನಸ್ಸಿನ ಪರಿಮಳಕ್ಕೇ ಹೆಸರುವಾಸಿ, ಮಾವಿನ ಮರ ಬೆಳೆಯದ ಐಲಾ ದ್ವೀಪದಲ್ಲಿ. ಅತಿ ಚುರುಕಾದ ಪೀಪಾಯಿಯಲ್ಲಿ ಅತಿ ಹೆಚ್ಚು ಕಾಲ ಇಟ್ಟರೆ ಬರುವ ನಿರಾಸೆ ಬೇರೆಯೇ ರೀತಿಯದು. ಬಣ್ಣ ಕಡುಕಪ್ಪು, ಬಾಯಿಗಿಟ್ಟರೆ ಕರಿಮರದ ಮೇಜನ್ನು ನೆಕ್ಕಿದ ಹಾಗೆ. ಅದು ನಿಮಗೆ ಬಂದಿಲ್ಲ.

ಬೆಂಗಳೂರಿನಲ್ಲಿ ಈ ಪಾಠ ಬೇಗ ಆಗುತ್ತದೆ. 2004ರಲ್ಲಿ ಗ್ಲಾಸ್ಗೋದಲ್ಲಿ ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ಅಮೃತ್‌ನವರಿಗೆ ಇಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಪ್ರತಿಶತ ಆವಿಯಾಗಿ ಹೋಗುತ್ತದೆ, ಮರದ ಕೆಲಸವೂ ಅಷ್ಟೇ ವೇಗ. ಅವರು 2013ರಲ್ಲಿ ಹೊರತಂದ 8 ವರ್ಷದ ವಿಸ್ಕಿಗೆ ಇಟ್ಟ ಹೆಸರು ಗ್ರೀಡಿ ಏಂಜಲ್ಸ್, ಅಂದರೆ ಆಸೆಬುರುಕ ದೇವತೆಗಳು. ಇಲ್ಲಿ 28 ವರ್ಷ ಇಟ್ಟರೆ ಪೀಪಾಯಿ ಉಳಿಯುತ್ತದೆ, ವಿಸ್ಕಿ ಉಳಿಯುವುದಿಲ್ಲ.

ಇನ್ನು ನಿಮ್ಮ ಕಡೆಯ ತಪ್ಪು. ಕೋಪ ಮಾಡಿಕೊಳ್ಳಬೇಡಿ, ಆ ಚೊಗರಿನಲ್ಲಿ ಅರ್ಧ ನಿಮ್ಮ ತೋಟದ್ದೇ ಇರಬಹುದು! ಅಡಿಕೆ ಬೇಯಿಸುವ ಮನೆಯವರಿಗೆ ನಾನು ಹೇಳುವುದೇನಿದೆ. ಅಡಿಕೆಯಲ್ಲಿರುವುದೂ ಟ್ಯಾನಿನ್, ಓಕ್‌ನಲ್ಲಿರುವುದೂ ಟ್ಯಾನಿನ್. ಎಲೆ, ಸುಣ್ಣ, ಅಡಿಕೆ ಜಗಿದ ಬಾಯಿಗೆ ಜೊಲ್ಲಿನ ನುಣುಪೇ ಇರುವುದಿಲ್ಲ, ಅದಕ್ಕೆ ಮೊದಲು ಕೋಳಿ ಸಾರಿನ ಖಾರ ಬೇರೆ. ಆ ಬಾಯಿಗೆ 42%ನ ತೆಳು ಹಳೇ ವಿಸ್ಕಿ ಏನು ಹೇಳಿಕೊಂಡೀತು? ಮೇಲೆ ಐಸ್. ತಣ್ಣಗಾದರೆ ಪರಿಮಳದ ಕಣಗಳು ಮೇಲೇಳುವುದಿಲ್ಲ, ಸಿಹಿ ಮಂಕಾಗಿ ಕಹಿ ಮುಂದೆ ಬರುತ್ತದೆ. ನಿಮ್ಮ 12 ವರ್ಷದ್ದು ಐಸ್ ತಡೆದುಕೊಳ್ಳುತ್ತದೆ, ಇದು ತಡೆದುಕೊಳ್ಳುವುದಿಲ್ಲ.

ಹಾಗಾಗಿ ಇನ್ನೊಂದು ಅವಕಾಶ ಕೊಡಿ. ಸಂಜೆ ಊಟಕ್ಕೆ ಮೊದಲು, ಬಾಯಿಗೆ ಎರಡು ಗಂಟೆ ಏನೂ ಹಾಕದೆ, ಬಾಯಿ ಕಿರಿದಾದ ಲೋಟದಲ್ಲಿ 20 ಎಂಎಲ್ ಹಾಕಿ ಕಾಲು ಗಂಟೆ ಸುಮ್ಮನೆ ಬಿಡಿ. ಮೊಗ್ಗಿನಾಕಾರದ ಗ್ಲೆನ್‌ಕೇರ್ನ್ ಲೋಟವೇ ಬೇಕೆಂದಿಲ್ಲ, ವೈನ್ ಲೋಟವಾದರೂ ಸಾಕು. ಪಕ್ಕದಲ್ಲಿ ಇನ್ನೊಂದು ಲೋಟದಲ್ಲಿ ನಿಮ್ಮ 12 ವರ್ಷದ್ದು. ಮೊದಲು ಹಳೆಯದನ್ನೇ ಕುಡಿಯಿರಿ, ಎಳೆಯದರ ಸಿಹಿ ಬಾಯಲ್ಲಿ ಕೂತರೆ ಇದು ಇನ್ನೂ ಬಡವಾಗುತ್ತದೆ. ನೀರು ಬೇಡ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ರಸಾಯನಶಾಸ್ತ್ರಜ್ಞರು 2017ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು: ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್‌ನಂಥ ಕಣಗಳು ಕಸುವು 59% ಮೀರಿದ್ದಾಗ ಆಲ್ಕೋಹಾಲಿನ ನಡುವೆ ಅಡಗಿರುತ್ತವೆ, 45ರ ಸುಮಾರಿಗೆ ಇಳಿದರೆ ಮೇಲ್ಮೈಗೆ ಬರುತ್ತವೆ. ನೀರು ಹಾಕಿದರೆ ವಿಸ್ಕಿ ಬಿಚ್ಚಿಕೊಳ್ಳುತ್ತದೆ ಅನ್ನುವ ಮಾತಿನ ಹಿಂದಿರುವುದು ಇದು. ನಿಮ್ಮದು ಪೀಪಾಯಿಯಲ್ಲೇ 42ಕ್ಕೆ ಇಳಿದಿದೆ. ಇನ್ನು ನೀರು ಹಾಕುವುದೆಂದರೆ ನೀರುಮಜ್ಜಿಗೆಗೆ ಮತ್ತೆ ನೀರು.

ಬೀರುವಿನ ವಾಸನೆ ಅಂದಿರಲ್ಲ, ಅದೊಂದು ನನ್ನನ್ನು ಕಾಡುತ್ತಿದೆ. ಸೊರಗಿದ ಪೀಪಾಯಿಯ ವಿಸ್ಕಿಗೆ ಹಳೆಯ ಪುಸ್ತಕದ, ಒಣ ಕಾಗದದ ವಾಸನೆ ಇರುತ್ತದೆ. ನೀವು ಹೇಳಿದ್ದು ಮಳೆಗಾಲದ ಬೀರು, ಅಂದರೆ ಮುಗ್ಗಲು. ಬಿರಡೆಯ ಕಾರ್ಕಿನಲ್ಲಿ ಕೆಲವೊಮ್ಮೆ ಟಿಸಿಎ ಅನ್ನುವ ರಾಸಾಯನಿಕ ಇರುತ್ತದೆ, ಕಣಮಾತ್ರ ಇದ್ದರೂ ತೊಯ್ದ ರಟ್ಟಿನ ವಾಸನೆ ತರುತ್ತದೆ, ಹಣ್ಣಿನ ಪರಿಮಳವನ್ನೆಲ್ಲ ಮುಚ್ಚಿಹಾಕುತ್ತದೆ. ವೈನ್‌ನಲ್ಲಿ ಸಾಮಾನ್ಯ, ವಿಸ್ಕಿಯಲ್ಲಿ ಅಪರೂಪ, ಆದರೆ ಇಲ್ಲದ್ದಲ್ಲ. ಕಾಲು ಗಂಟೆ ಗಾಳಿಗೆ ಬಿಟ್ಟಾಗ ಆ ವಾಸನೆ ಕರಗಿ ಒಳಗಿಂದ ಏನಾದರೂ ತಲೆಯೆತ್ತಿದರೆ, ತೆಳ್ಳಗಿನ ಜೇನು, ಒಣಗಿದ ಸೇಬು, ಮೇಣದ ಬತ್ತಿ, ಏನಾದರೂ, ಆಗ ಬಿರಡೆಯ ತಪ್ಪಲ್ಲ. ಹೊತ್ತು ಹೋದಂತೆ ರಟ್ಟು ಇನ್ನೂ ಗಟ್ಟಿಯಾದರೆ ಕಾರ್ಕೇ ಅಪರಾಧಿ. ಹಾಗಾದರೆ ಅಳಿಯಂದಿರು ರಸೀದಿ ಇಟ್ಟುಕೊಂಡು ಅಂಗಡಿಗೆ ಒಂದು ಪತ್ರ ಹಾಕಬಹುದು, ಒಳ್ಳೆಯ ಅಂಗಡಿಗಳು ಇಂಥದ್ದನ್ನು ತಳ್ಳಿಹಾಕುವುದಿಲ್ಲ. ಒಂದೇ ದಿನ ನೋಡಿ ತೀರ್ಪು ಕೊಡಬೇಡಿ, ವಾರದ ಅಂತರದಲ್ಲಿ ಮೂರು ಸಲ ನೋಡಿ.

ಬಾಟಲಿಯನ್ನು ನಿಲ್ಲಿಸಿಯೇ ಇಡಿ. ವೈನಿನ ಹಾಗೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿಂದು ಪುಡಿ ಮಾಡುತ್ತದೆ. ಬಿಸಿಲು ತಾಗದ ಕಪಾಟು ಸಾಕು. ಇನ್ನೂ ಹತ್ತು ವರ್ಷ ಇಟ್ಟರೆ 38 ವರ್ಷದ್ದಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮರದಿಂದ ಹೊರಬಂದ ದಿನ ವಿಸ್ಕಿಯ ವಯಸ್ಸು ನಿಂತಿತು. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ಸೇರಿ ಒಂದೆರಡು ವರ್ಷದಲ್ಲಿ ಇದು ಇನ್ನೂ ಸಪ್ಪೆಯಾಗುತ್ತದೆಯೇ ಹೊರತು ಏರುವುದಿಲ್ಲ.

ಮೂರು ಸಲ ನೋಡಿದ ಮೇಲೂ ಹಿಡಿಸದಿದ್ದರೆ, ಆ ಗೋದಾಮಿನ ಮುದುಕ ಹೇಳಿದ್ದನ್ನು ಮಾಡಿ. ನಿಮ್ಮ 12 ವರ್ಷದ್ದು ನಾಲ್ಕು ಚಮಚ, ಇದು ಒಂದು ಚಮಚ, ಒಂದು ಸಣ್ಣ ಶೀಶೆಯಲ್ಲಿ ಬೆರೆಸಿ ವಾರ ಬಿಡಿ. ಹಿಡಿಸಿದರೆ ದೊಡ್ಡ ಪ್ರಮಾಣದಲ್ಲಿ ಮಾಡಿ, ಇಲ್ಲವಾದರೆ ಐದಕ್ಕೊಂದು, ಮೂರಕ್ಕೊಂದು ಅಂತ ಹದ ನೋಡಿಕೊಳ್ಳಿ. 420 ಪೌಂಡಿನದನ್ನು ಬೆರೆಸುವುದೇ ಅಂತ ನಿಮ್ಮೊಳಗಿನ ಬ್ಯಾಂಕಿನವರು ಕೂಗಬಹುದು. ಕೂಗಲಿ ಬಿಡಿ. ಕಟು ಹೊಗೆ ವಾಸನೆಯ ಐಲಾ ಮಾಲ್ಟಿಗೆ ಮಾತ್ರ ಬೆರೆಸಬೇಡಿ, ಪೂರ್ತಿ ಮುಳುಗಿಹೋಗುತ್ತದೆ.

ಅಳಿಯಂದಿರಿಗೆ ಸುಳ್ಳು ಹೇಳುವ ಅಗತ್ಯ ಇಲ್ಲ. ಪೀಪಾಯಿ ಸ್ವಲ್ಪ ಸುಸ್ತಾಗಿತ್ತಂತೆ, ಮುಂದಿನ ಸಲ 12ರಿಂದ 18 ವರ್ಷದ ಒಳಗಿನದು, 46% ಅಥವಾ ಅದಕ್ಕಿಂತ ಮೇಲೆ, ತಣಿಸಿ ಸೋಸಿರಬಾರದು, ಫಸ್ಟ್ ಫಿಲ್ ಆದರೆ ಇನ್ನೂ ಒಳ್ಳೆಯದು, ನೂರು ಪೌಂಡಿನ ಒಳಗೇ ಸಿಗುತ್ತದೆ ಅಂತ ಹೇಳಿ. ಅವರಿಗೂ ಹಗುರ, ನಿಮಗೂ ರುಚಿ. ರಜಕ್ಕೆ ಬಂದಾಗ ಮೂರು ಲೋಟ ಇಡಿ, ಒಂದರಲ್ಲಿ 12 ವರ್ಷದ್ದು, ಒಂದರಲ್ಲಿ 28ರದ್ದು, ಇನ್ನೊಂದರಲ್ಲಿ ನೀವು ಬೆರೆಸಿದ್ದು. ಯಾವುದು ಯಾವುದರಲ್ಲಿದೆ ಅಂತ ಮಗಳ ಹತ್ತಿರ ಬರೆಸಿಡಿ, ನೀವೂ ನೋಡಬೇಡಿ. ಎಲೆ ಅಡಿಕೆ ತಟ್ಟೆ ಅಷ್ಟು ಹೊತ್ತು ಒಳಗಿರಲಿ.